ಕೈಗೆ ಒಪ್ಪುವ ಪಿಸ್ತೂಲು, ಕೈಗೆ ಹತ್ತುವ ಗುರಿ



ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಕೆಲವು ಸದಸ್ಯರು ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿಗಳಿಗೆ ಪ್ರವಾಸ ಹೋಗಿಬಂದುದು ತಮಗೆ ತಿಳಿದೇ ಇದೆ. ತುಂಗಭದ್ರೆಯ ಕಾಲುವೆ ನೀರಿನ ಬಾಳೆ, ಭತ್ತ, ಕಬ್ಬುಗಳನ್ನು ನೋಡಿದೆವು. ಕಂಪ್ಲಿಯ ಹತ್ತಿರ ತೆಂಗಿನ ಸಾಲುಗಳ ನಡುವೆ ಹೊಸದಾಗಿ ಅಡಿಕೆ ಇಟ್ಟಿರುವ ಬೆಳೆಗಾರರೊಬ್ಬರ ಮನೆಯಲ್ಲಿ ಊಟ ಮಾಡಿದೆವು. ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಆ ಯಜಮಾನರು ನನ್ನನ್ನು ಕೇಳಿದರು: "ಸಾಹೇಬ್ರೆ, ನೀವು ಮಲೆನಾಡಿನವರು, ಕೋವಿ ಹಿಡಿದು ಬೆಳೆದವರು. ತೋಟದ ಮನೆಯಾಗ ಒಬ್ಬನೇ ಇರ್ತೀನಿ. ಯಾವ ಪಿಸ್ತೂಲು ತಗೊಂಡ್ರೆ ಚಲೋ, ಹೇಳ್ರಿ."

ಇದೇ ಪ್ರಶ್ನೆಯನ್ನು ನಮ್ಮ ಸದಸ್ಯರಲ್ಲಿಯೂ ಹಲವರು ಸಂಘದ ಕಚೇರಿಯಲ್ಲಿ ಕೇಳಿದ್ದುಂಟು. ಅಲ್ಲಿ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲ. ಆದುದರಿಂದ ಈ ಪಾಠ.

ಸಂಖ್ಯೆಗಿಂತ ಗುರಿ ದೊಡ್ಡದು

ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಬೇಟೆಯ ಚಿತ್ರಗಳಿವೆ. ಕೋವಿಯ ಗುರಿ ಏನೆಂಬುದನ್ನು ಆ ಸಾಮ್ರಾಜ್ಯ ಕಂಡದ್ದು 1520ರ ರಾಯಚೂರು ಮುತ್ತಿಗೆಯಲ್ಲಿ. ಕೃಷ್ಣದೇವರಾಯನ ದಂಡು ಕೋಟೆಯ ಗೋಡೆಯನ್ನು ಕೀಳಲು ಹೆಣಗುತ್ತಿತ್ತು. ಮೇಲಿನಿಂದ ಕಲ್ಲು, ಬಾಣ, ಗುಂಡುಗಳ ಮಳೆ. ಆಗ ಕ್ರಿಸ್ಟೊವಾಂವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನು ತನ್ನ ಕೆಲವೇ ಮಂದಿ ಕೋವಿಗಾರರೊಡನೆ ನಿಂತು, ಗೋಡೆಯ ಮೇಲೆ ತಲೆಯೆತ್ತಿದವರನ್ನು ಒಬ್ಬೊಬ್ಬರನ್ನಾಗಿ ಗುರಿಯಿಟ್ಟು ಹೊಡೆಸಿದನು. ಕೆಳಗಿನವರಿಗೆ ಗೋಡೆ ಕೀಳಲು ಅವಕಾಶವಾಯಿತು. ಕೋಟೆಯ ಅಧಿಪತಿಯೇ ಇಣುಕಿ ನೋಡುವಾಗ ಹಣೆಗೆ ಗುಂಡು ತಗುಲಿ ಸತ್ತನೆಂದು ಫೆರ್ನಾಂವ್ ನೂನಿಜ್ ಬರೆದಿದ್ದಾನೆ. ಅವು ಬತ್ತಿ ಹಚ್ಚಿ ಹಾರಿಸುವ ಕೋವಿಗಳು. ಇಂದಿನ ಅಗ್ಗದ ಕೋವಿಯೂ ಅವುಗಳಿಗಿಂತ ಮೇಲು. ಗೆಲುವು ತಂದದ್ದು ಹಿಡಿದವರ ಅಭ್ಯಾಸ. ನಮ್ಮ ಪಾಠದ ಮೊದಲ ಮಾತೂ ಇದೇ.

ಮೊದಲು ಬೇಕೇ ಬೇಡವೇ ನೋಡಿ

ಪಿಸ್ತೂಲು ಬೆಳೆ ಕಾಯುವ ಆಯುಧವಲ್ಲ. ಹಂದಿಗೆ ಪಿಸ್ತೂಲಿನಲ್ಲಿ ಹೊಡೆಯುತ್ತೇನೆಂದು ಹೊರಟವನು ಗಾಯಗೊಂಡ ಹಂದಿಯನ್ನು ಎದುರಿಗೆ ತಂದುಕೊಳ್ಳುತ್ತಾನೆ, ಅಷ್ಟೇ. ಕಂಪ್ಲಿ, ಸಂಡೂರು, ಹೊಸಪೇಟೆ ಸೀಮೆಯವರಿಗೆ ಇನ್ನೊಂದು ಮಾತಿದೆ. ಅಲ್ಲಿನ ದರೋಜಿ ಕರಡಿಧಾಮ 1994ರಲ್ಲಿ ಆದದ್ದು. ಕರಡಿ, ಚಿರತೆಗಳು 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿವೆ. ಬೆಳೆ ರಕ್ಷಣೆಯ ಲೈಸೆನ್ಸು ಕೈಯಲ್ಲಿದೆ ಎಂದ ಮಾತ್ರಕ್ಕೆ ಕಾಡುಪ್ರಾಣಿ ಕೊಲ್ಲುವ ಅಪ್ಪಣೆ ದೊರೆತಂತಲ್ಲ. ಹಂದಿಯ ವಿಷಯದಲ್ಲಿಯೂ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವುದೇ ಸರಿಯಾದ ದಾರಿ.

ಉಳಿದದ್ದು ಎರಡು ಕಾರಣ: ಆತ್ಮರಕ್ಷಣೆ ಮತ್ತು ಕ್ರೀಡೆ. ಹಿಂದೆ ಬಟವಾಡೆಯ ಹಣವನ್ನು ಚೀಲದಲ್ಲಿ ತುಂಬಿ ಘಟ್ಟದ ರಸ್ತೆಯಲ್ಲಿ ತರುತ್ತಿದ್ದೆವು. ಈಗ ಬಹುಪಾಲು ಕೂಲಿ ಬ್ಯಾಂಕಿನ ಮೂಲಕವೇ ಹೋಗುತ್ತದೆ. ಭಯ ಕಡಿಮೆಯಾಗಿದ್ದರೆ ಪಿಸ್ತೂಲಿನ ಅಗತ್ಯವೂ ಕಡಿಮೆ. ಒಳ್ಳೆಯ ನಾಯಿ, ಅಂಗಳದ ದೀಪ, ಗಟ್ಟಿ ಚಿಲಕ, ನೆರೆಯವರ ಫೋನ್ ನಂಬರು ಇವನ್ನು ಮೊದಲು ಮಾಡಿಕೊಂಡು ಆಮೇಲೆ ಯೋಚಿಸುವುದು ಜಾಣತನ.

ಕಾನೂನಿನ ನಾಲ್ಕು ಮಾತು

1. ಲೈಸೆನ್ಸು ಕೊಡುವವರು ಜಿಲ್ಲಾಧಿಕಾರಿಗಳು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿಯವರು ಹೊಸಪೇಟೆಯ ಡಿ.ಸಿ. ಕಚೇರಿಗೂ, ಸಂಡೂರು, ಕಂಪ್ಲಿಯವರು ಬಳ್ಳಾರಿಗೂ ಹೋಗಬೇಕು. 2016ರ ಆಯುಧ ನಿಯಮಗಳ ಪ್ರಕಾರ ಹೊಸ ಅರ್ಜಿದಾರರಿಗೆ ಸುರಕ್ಷತಾ ತರಬೇತಿಯೂ ಬೇಕು. ಪೊಲೀಸ್ ಇಲಾಖೆಯವರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ವಿಚಾರಿಸಿರಿ.

2. 1959ರ ಆಯುಧ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ. ತಂದೆಯಿಂದ ಬಂದ ಜೋಡುನಳಿಗೆಯೂ ಈ ಲೆಕ್ಕದೊಳಗೇ ಬರುತ್ತದೆ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು.

3. ಲೈಸೆನ್ಸಿಲ್ಲದ ನಾಡಕೋವಿ ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಸಜೆ. ಮದುವೆ, ಜಾತ್ರೆಗಳ ಸಂಭ್ರಮಕ್ಕೆ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸಜೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

4. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಲಾಯಿತು. "ಕೊಡಗಿನವರಿಗೆ ಇದೆಯಲ್ಲ" ಎಂದು ಬೇರೆಯವರು ಸುಮ್ಮನಿರುವಂತಿಲ್ಲ.

ಆರಿಸುವ ಬಗೆ

ನನ್ನ ಅನುಭವದಿಂದಲೇ ಹೇಳುತ್ತೇನೆ. ನಾನು ಮೊದಲು ಕೊಂಡ ರಿವಾಲ್ವರನ್ನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಂಡು, ಹೊಳಪಿಗೆ ಮರುಳಾಗಿ ಕೊಂಡೆ. ತರಬೇತಿ ಮೈದಾನದಲ್ಲಿ ಹದಿನೈದು ಮೀಟರಿನಿಂದ ಆರು ಗುಂಡು ಹಾರಿಸಿದೆ. ಕಾಗದಕ್ಕೆ ಒಂದೂ ತಾಗಲಿಲ್ಲ. ಕಲಿಸುತ್ತಿದ್ದ ಹವಾಲ್ದಾರರು ನಗಲಿಲ್ಲ. "ಸಾರ್, ನೀವು ಇದನ್ನು ನೋಡಿ ತಗೊಂಡಿದ್ದೀರಿ, ಹಿಡಿದು ತಗೊಂಡಿಲ್ಲ" ಎಂದರು. ಹಿಡಿ ನನ್ನ ಅಂಗೈಗೆ ದಪ್ಪವಾಗಿತ್ತು. ಟ್ರಿಗರಿಗೆ ಬೆರಳ ತುದಿ ಮಾತ್ರ ಎಟಕುತ್ತಿತ್ತು.

ನಾಗರಿಕರಿಗೆ 9 ಮಿ.ಮೀ. ಪಿಸ್ತೂಲು ನಿಷಿದ್ಧ. ಸಾಮಾನ್ಯವಾಗಿ ದೊರೆಯುವುದು .32 ಮತ್ತು .22. ಕೊಳ್ಳುವಾಗ ನೋಡಬೇಕಾದುವು ಇವು:

ಹಿಡಿ: ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿಗೆ ಪಿಸ್ತೂಲಿನ ಬೆನ್ನು ಕೂರಬೇಕು. ನಳಿಗೆ ಮುಂಗೈಯ ನೇರದಲ್ಲಿರಬೇಕು. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಸಲೀಸಾಗಿ ಬರಬೇಕು. ಇದೊಂದು ಸರಿಯಿಲ್ಲದಿದ್ದರೆ ಉಳಿದುದೆಲ್ಲ ವ್ಯರ್ಥ.

ತೂಕ: ಹಗುರವಾದದ್ದು ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ಹೊರತಂದ 'ನಿರ್ಭೀಕ್' .32 ರಿವಾಲ್ವರ್ ಸುಮಾರು ಅರ್ಧ ಕಿಲೋ. ಒಯ್ಯಲು ಸುಲಭ, ಆದರೆ ಹಗುರವಾದಷ್ಟೂ ಕೈಗೆ ಒದೆತ ಜಾಸ್ತಿ. ಒದೆತಕ್ಕೆ ಹೆದರಿದ ಕೈ ಗುರಿ ಕಲಿಯದು.

ರಿವಾಲ್ವರೋ ಪಿಸ್ತೂಲೋ: ರಿವಾಲ್ವರಿನ ಸಿಲಿಂಡರ್ ಹೊರಗೆಳೆದರೆ ಗುಂಡಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಮ್ಯಾಗಜಿನ್ ಇರುವ ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದರೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಎಷ್ಟೋ ಮನೆಗಳ ದುರಂತಕ್ಕೆ ಆ ಒಂದು ಗುಂಡೇ ಕಾರಣ. ವರ್ಷದಲ್ಲಿ ನಾಲ್ಕು ಸಲ ಮಾತ್ರ ಮುಟ್ಟುವವರಿಗೆ ರಿವಾಲ್ವರೇ ಮೇಲೆಂಬುದು ನನ್ನ ಅಭಿಪ್ರಾಯ.

ಕಾಡತೂಸು: ಸಿಕ್ಕದಿದ್ದರೆ ಅಭ್ಯಾಸವಿಲ್ಲ. ಲೈಸೆನ್ಸಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಕೊಳ್ಳಬಹುದು. ಹತ್ತಿರದ ವ್ಯಾಪಾರಿಯಲ್ಲಿ ಯಾವುದು ಸದಾ ದೊರೆಯುವುದೋ ಅದಕ್ಕೆ ಹೊಂದುವ ಆಯುಧವನ್ನೇ ಆರಿಸಿರಿ.

ಗುರಿ ಏಕೆ ತಪ್ಪುತ್ತದೆ

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಸಣ್ಣ ಪಿಸ್ತೂಲಿನಲ್ಲಿ ಹಿಂದಿನ ಕಚ್ಚಿಗೂ ಮುಂದಿನ ಗುರಿಮೊನೆಗೂ ನಡುವೆ 15 ಸೆಂ.ಮೀ. ಇದೆ ಎನ್ನಿ. ಗುರಿಮೊನೆ ಒಂದು ಮಿ.ಮೀ. ಸರಿದರೆ ಹದಿನೈದು ಮೀಟರಿನಲ್ಲಿ ಗುಂಡು 10 ಸೆಂ.ಮೀ. ಆಚೆ ಬೀಳುತ್ತದೆ. ಅದೇ 75 ಸೆಂ.ಮೀ. ಅಂತರವಿರುವ ಉದ್ದ ಕೋವಿಯಲ್ಲಿ ತಪ್ಪುವುದು 2 ಸೆಂ.ಮೀ. ಮಾತ್ರ. ಹೆಗಲಿಗೆ ಆತು ಕೂರುವ ಕೋವಿಯಲ್ಲಿ ಗುರಿಕಾರ ಎನಿಸಿಕೊಂಡವರೂ ಪಿಸ್ತೂಲು ಹಿಡಿದಾಗ ನಾಚಿಕೊಳ್ಳುವುದು ಇದರಿಂದಲೇ.

ಕಣ್ಣಿನ ಮಾತೂ ಇದೆ. ಗುರಿಹಲಗೆ, ಗುರಿಮೊನೆ, ಹಿಂದಿನ ಕಚ್ಚು ಮೂರನ್ನೂ ಒಮ್ಮೆಗೇ ಸ್ಪಷ್ಟವಾಗಿ ಕಾಣಲು ಯಾವ ಕಣ್ಣಿಗೂ ಆಗದು. ಗುರಿಮೊನೆ ಸ್ಪಷ್ಟವಾಗಿರಲಿ, ಹಲಗೆ ಮಸುಕಾದರೆ ಚಿಂತೆಯಿಲ್ಲ. ನನ್ನಂತೆ ಐವತ್ತು ದಾಟಿದವರು ಕಣ್ಣಿನ ವೈದ್ಯರಿಗೆ "ಕೈ ಚಾಚಿದಷ್ಟು ದೂರ ಕಾಣುವ ಕನ್ನಡಕ ಬೇಕು" ಎಂದು ಹೇಳಿ ಮಾಡಿಸಿಕೊಳ್ಳಬಹುದು.

ಅಭ್ಯಾಸದ ಕ್ರಮ

ಮೊದಲ ತಿಂಗಳು: ಗುಂಡಿಲ್ಲದ ಅಭ್ಯಾಸ, ದಿನಕ್ಕೆ ಹತ್ತು ನಿಮಿಷ. ಕಾಡತೂಸುಗಳು ಬೇರೆ ಕೋಣೆಯಲ್ಲಿ ಬೀಗದೊಳಗಿರಬೇಕು. ಆಯುಧ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ನೋಡಿಕೊಳ್ಳಿ. ಆಚೆ ಯಾರೂ ಇಲ್ಲದ ದಪ್ಪ ಕಲ್ಲಿನ ಗೋಡೆಯ ಕಡೆಗೆ ಮಾತ್ರ ಹಿಡಿಯಿರಿ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಟ್ರಿಗರನ್ನು ನೇರವಾಗಿ ಹಿಂದಕ್ಕೆ, ಹಸುವಿನ ಹಾಲು ಕರೆಯುವಷ್ಟು ಮೆತ್ತಗೆ ಒತ್ತುತ್ತ ಬನ್ನಿ. 'ಟಕ್' ಎಂದಾಗ ಗುರಿಮೊನೆ ಕದಲಬಾರದು. ಎಂಟು ಸೆಕೆಂಡಿನೊಳಗೆ ಆಗದಿದ್ದರೆ ಕೈ ಇಳಿಸಿ, ಉಸಿರಾಡಿ, ಮತ್ತೆ ತೊಡಗಿ. ಕೆಲವು .22 ಆಯುಧಗಳಲ್ಲಿ ಖಾಲಿ ಟ್ರಿಗರ್ ಎಳೆದರೆ ಭಾಗ ಸವೆಯುತ್ತದೆ, ವ್ಯಾಪಾರಿಯನ್ನು ಕೇಳಿಕೊಳ್ಳಿ.

ಎರಡನೆಯ ತಿಂಗಳಿನಿಂದ: ಅಧಿಕೃತ ಮೈದಾನದಲ್ಲಿ, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿ, ಐದು ಮೀಟರಿನಿಂದ ಪ್ರಾರಂಭಿಸಿ. ಐದು ಗುಂಡೂ ಒಂದು ಲೋಟದ ಬಾಯಿಯಷ್ಟು ಜಾಗದಲ್ಲಿ ಬಿದ್ದ ಮೇಲೆ ಏಳು, ಹತ್ತು, ಹದಿನೈದಕ್ಕೆ ಹೋಗಿ. ಗುಂಡುಗಳು ಒಟ್ಟಿಗೆ ಬಿದ್ದರೆ ಸಾಕು. ನಡುವಿಗೆ ತರುವುದು ಆಮೇಲಿನ ಕೆಲಸ. ಬಲಗೈಯವರ ಗುಂಡುಗಳು ಕೆಳಗೆ ಎಡಕ್ಕೆ ಹೋಗುತ್ತಿದ್ದರೆ ಬಹುಶಃ ಟ್ರಿಗರನ್ನು ಜಗ್ಗುತ್ತಿದ್ದೀರಿ ಎಂದರ್ಥ.

ಹವಾಲ್ದಾರರು ನನಗೆ ಮಾಡಿದ ಪರೀಕ್ಷೆ ಬಹಳ ಉಪಯುಕ್ತ. ಸಿಲಿಂಡರಿನಲ್ಲಿ ಅವರೇ ಕೆಲವು ಒಳ್ಳೆಯ ಕಾಡತೂಸು, ಕೆಲವು ಹಾರಿಸಿದ ಖಾಲಿ ಚಿಪ್ಪುಗಳನ್ನು ನನಗೆ ತೋರಿಸದೆ ತುಂಬಿ ಕೊಟ್ಟರು. ಖಾಲಿ ಚಿಪ್ಪು ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ನನ್ನ ಕೈ ಕೆಳಕ್ಕೆ ಕುಸಿಯಿತು. ನನ್ನ ಭಯ ನನಗೇ ಕಂಡಿತು. ಅಂದಿನಿಂದ ಒಂದು ಪುಸ್ತಕದಲ್ಲಿ ದಿನಾಂಕ, ದೂರ, ಗುಂಡು, ತಪ್ಪು ಎಲ್ಲವನ್ನೂ ತೋಟದ ಲೆಕ್ಕದಂತೆಯೇ ಬರೆದಿಡುತ್ತೇನೆ. ದಣಿದು ಹಾರಿಸಿದ ನೂರು ಗುಂಡಿಗಿಂತ ಗಮನವಿಟ್ಟು ಹಾರಿಸಿದ ಮೂವತ್ತು ಮೇಲು.

ಕಡಿಮೆ ಖರ್ಚಿನಲ್ಲಿ ಕಲಿಯಬೇಕೆಂಬವರಿಗೆ, ವಿಶೇಷವಾಗಿ ನಮ್ಮ ಮಕ್ಕಳಿಗೆ, 4.5 ಮಿ.ಮೀ. ಗಾಳಿ ಪಿಸ್ತೂಲು ಉತ್ತಮ ಗುರು. 20 ಜೌಲ್ ಮೀರದ ಇಂಥವಕ್ಕೆ ಲೈಸೆನ್ಸು ಬೇಡ. ಆದರೆ ಆಟಿಕೆಯೂ ಅಲ್ಲ. ಸ್ಪರ್ಧೆಯಲ್ಲಿ ಹತ್ತು ಮೀಟರಿನಿಂದ ಹೊಡೆಯಬೇಕಾದ ನಡುವಿನ ಹತ್ತಂಕದ ವೃತ್ತದ ಅಗಲ 11.5 ಮಿ.ಮೀ. ಅಂದರೆ ಹೆಚ್ಚುಕಡಿಮೆ ಒಂದು ಕಾಫಿ ಬೀಜದ ಉದ್ದ! ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಇದರಲ್ಲೇ ಬೆಳ್ಳಿ ಗೆದ್ದರು. ಅದಕ್ಕೆ ಹಿಂದಿನ ವರ್ಷವಷ್ಟೇ ಅವರ ಮುಖದ ಒಂದು ಪಾರ್ಶ್ವಕ್ಕೆ ವಾತ ಬಡಿದಿತ್ತು. ನಮ್ಮ ರಾಜ್ಯದ ಟಿ.ಎಸ್. ದಿವ್ಯಾ ಅವರು 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ತಂದರು.

ಇಡುವುದು, ಕಾಯುವುದು

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗಿಟ್ಟ ಆಯುಧ ತುಕ್ಕು ಹಿಡಿಯುತ್ತದೆ. ಚರ್ಮ ತೇವವನ್ನು ಹೀರಿಟ್ಟುಕೊಳ್ಳುತ್ತದೆ. ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಒಣ ಬಟ್ಟೆಯಲ್ಲಿಡಿ. ಸಂಡೂರಿನಂತಹ ಕಡೆ ಇದಕ್ಕೆ ವಿರುದ್ಧ. ಅಲ್ಲಿ ಅದಿರಿನ ಕೆಂಧೂಳು ಎಣ್ಣೆಗೆ ಅಂಟಿ ಅರದಂತೆ ಕೊರೆಯುತ್ತದೆ. ಎಣ್ಣೆಯ ಲೇಪ ಇದ್ದೂ ಇಲ್ಲದಂತಿರಲಿ.

ಆಯುಧ ಉಕ್ಕಿನ ಬೀರುವಿನಲ್ಲಿ, ಕಾಡತೂಸು ಬೇರೆ ಬೀಗದಲ್ಲಿ, ಬೀಗದ ಕೈ ತಮ್ಮಲ್ಲಿ. ಮಕ್ಕಳಿಗೆ ಜಾಗ ತಿಳಿದಿಲ್ಲವೆಂದು ನಂಬಬೇಡಿ. ಅವರಿಗೆ ತಿಳಿಯದ ಜಾಗ ಮನೆಯಲ್ಲಿಲ್ಲ. ಕುಡಿದ ದಿನ ಬೀರು ತೆರೆಯಬಾರದು. ಸಾಲ, ಬೆಲೆ ಕುಸಿತ, ರೋಗ ಇವುಗಳಿಂದ ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ, ತಡಮಾಡದೆ ಆಯುಧವನ್ನು ಠಾಣೆಯಲ್ಲೋ ಲೈಸೆನ್ಸುದಾರ ವ್ಯಾಪಾರಿಯಲ್ಲೋ ಠೇವಣಿ ಇಡಿ. ಇದರಲ್ಲಿ ಅವಮಾನವೇನೂ ಇಲ್ಲ.

ಒಂದು ರಾತ್ರಿಯ ಮಾತು

ಕೊನೆಗೆ, ಇಷ್ಟು ವರ್ಷ ಯಾರಿಗೂ ಬರೆದು ಹೇಳದ ಮಾತು. ನನಗಾಗ ಮೂವತ್ತು ವಯಸ್ಸು. ತಂದೆಯವರ ಜೋಡುನಳಿಗೆ ಹಿಡಿದು ರಾತ್ರಿ ತೋಟಕ್ಕೆ ಇಳಿದಿದ್ದೆ. ಅಡಿಕೆ ಮರಗಳ ಬುಡದಲ್ಲಿ ಏನೋ ಕಪ್ಪಗೆ ಬಾಗಿ ಕದಲಿತು. ಹಂದಿಯೇ ಎಂದು ಗುರಿ ಹಿಡಿದೆ. ಬೆರಳು ಟ್ರಿಗರಿನ ಮೇಲಿತ್ತು. ಅಷ್ಟರಲ್ಲಿ ಆ ಕಪ್ಪು ಕೆಮ್ಮಿತು. ನೀರಿನ ಕಪ್ಪು ಸರಿಮಾಡಲು ಬಂದಿದ್ದ ನಮ್ಮ ಆಳು, ತಲೆಗೆ ಕಂಬಳಿಕೊಪ್ಪೆ ಹಾಕಿದ್ದ. ಅವನಿಗೆ ನಾನು ಏನನ್ನೂ ಹೇಳಲಿಲ್ಲ. ಕೋವಿ ಬಿಚ್ಚಿ ಗುಂಡು ತೆಗೆದು, ಅಲ್ಲೇ ದರೆಯ ಮೇಲೆ ಕುಳಿತುಬಿಟ್ಟೆ. ಅಂದು ನನ್ನ ಗುರಿ ಸ್ವಲ್ಪವೂ ತಪ್ಪಿರಲಿಲ್ಲ. ತಪ್ಪಿದ್ದು ಗುರುತು. ಆ ಕೆಮ್ಮಿನ ಋಣದಿಂದ ಅವನ ಮಕ್ಕಳು ಇಂದು ಸಂಸಾರಸ್ಥರು, ನಾನು ನಿಮ್ಮ ಕಾರ್ಯದರ್ಶಿ.

ಆದುದರಿಂದ ಈ ನಾಲ್ಕನ್ನು ಗೋಡೆಯ ಮೇಲೆ ಬರೆದಿಡಿ:

1. ಎಲ್ಲ ಆಯುಧವೂ ಗುಂಡು ತುಂಬಿದೆ ಎಂದೇ ತಿಳಿಯಿರಿ.
2. ಹೊಡೆಯಲಾಗದ್ದರ ಕಡೆಗೆ ನಳಿಗೆ ತಿರುಗಿಸಬೇಡಿ.
3. ಹಾರಿಸಲು ನಿರ್ಧರಿಸುವ ತನಕ ಬೆರಳು ಟ್ರಿಗರಿನ ಹೊರಗಿರಲಿ.
4. ಎದುರಿಗಿರುವುದು ಏನು, ಅದರ ಹಿಂದೆ ಏನು, ಎರಡನ್ನೂ ಗುರುತಿಸದೆ ಹಾರಿಸಬೇಡಿ.

ಕಂಪ್ಲಿಯ ಯಜಮಾನರಿಗೆ ಈಗ ಕಾಗದ ಬರೆದಿದ್ದೇನೆ: "ಮೊದಲು ತರಬೇತಿ ಶಿಬಿರಕ್ಕೆ ಹೋಗಿ, ನಾಲ್ಕು ಬಗೆಯವನ್ನು ಕೈಯಲ್ಲಿ ಹಿಡಿದು ನೋಡಿ. ಯಾವುದರ ಜೊತೆ ತಿಂಗಳಿಗೊಮ್ಮೆಯಾದರೂ ಮೈದಾನಕ್ಕೆ ಹೋಗಲು ಮನಸ್ಸು ಬರುವುದೋ ಅದೇ ಚಲೋ ಪಿಸ್ತೂಲು. ಹೋಗಲು ಪುರಸೊತ್ತಿಲ್ಲವೆಂದಾದರೆ ಕೊಳ್ಳಬೇಡಿ. ಆ ಹಣಕ್ಕೆ ತೋಟಕ್ಕೆ ಸೌರ ಬೇಲಿ ಹಾಕಿಸಿ." ನಮ್ಮ ಸದಸ್ಯರಿಗೂ ನನ್ನ ಸಲಹೆ ಅದೇ.