ಎದುರು ಪಕ್ಷಕ್ಕೂ ಅದೇ ಕಡತ

ಮಗಳೇ,

ಫೆಡರಲ್ ಸರ್ಕಾರದ ವಕೀಲರಿಗೆ ಲಿಟಿಗೇಷನ್ ಸಪೋರ್ಟ್ ಮಾಡುವ ಕೆಲಸಕ್ಕೆ ಸೇರುತ್ತಿದ್ದೀಯ, ಗುತ್ತಿಗೆ ಕಂಪನಿಯ ಕಡೆಯಿಂದ. ಮೊದಲು ಶಿಕಾಗೊ, ಕೇಸು ನೋಡಿಕೊಂಡು ಡೆಟ್ರಾಯ್ಟ್‌ಗೂ ಹೋಗಬೇಕಾದೀತು ಎಂದು ನಿನ್ನಮ್ಮ ಹೇಳಿದಳು. ಅದು ವಕೀಲಿಕೆಯೋ ಕಂಪ್ಯೂಟರ್ ಕೆಲಸವೋ ಎಂದೂ ಕೇಳಿದಳು. ಎರಡರ ನಡುವೆ ನಿಂತು ಮಾಡುವ ಕೆಲಸ ಅಂದೆ. ಕಾಗದದ ಪೆಟ್ಟಿಗೆಗಳ ಕಾಲದಿಂದ ಸರ್ವರ್‌ಗಳ ಕಾಲದವರೆಗೆ ಇದರಲ್ಲೇ ಇದ್ದವಳು ನಾನು, ಅದಕ್ಕೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಜಪ್ತಿಯಾದ ಫೋನು, ಕಂಪನಿಯ ಮೇಲ್‌ಬಾಕ್ಸು, ಕ್ಲಿನಿಕ್ಕಿನ ಬಿಲ್ಲಿಂಗ್ ದಾಖಲೆ, ಜೈಲಿನಿಂದ ಮಾಡಿದ ಕರೆಗಳ ರೆಕಾರ್ಡಿಂಗು, ಎಲ್ಲ ಬಂದು ಬೀಳುವುದು ನಿನ್ನ ಮೇಜಿಗೆ. ಅವನ್ನು ವಕೀಲರು ಹುಡುಕಿ ಓದುವ ಹಾಗೆ ಮಾಡಿ, ಪುಟಪುಟಕ್ಕೂ ಬೇಟ್ಸ್ ನಂಬರ್ ಎಂಬ ಕ್ರಮಸಂಖ್ಯೆ ಹಾಕಿ, ಎದುರು ಪಕ್ಷಕ್ಕೆ ಕಳಿಸಿ, ಕೊನೆಗೆ ವಿಚಾರಣೆಯ ದಿನ ಜ್ಯೂರಿಯ ಮುಂದಿನ ಪರದೆಯಲ್ಲಿ ಸರಿಯಾದ ಪುಟ ತೋರಿಸುವವರೆಗೂ ಅವು ನಿನ್ನ ಹೊಣೆ.

ಸಾಫ್ಟ್‌ವೇರ್ ಬಗ್ಗೆ ಹೆದರಬೇಡ, ಅದು ಕೈಗೆ ಹತ್ತುತ್ತದೆ. ಮೊದಲು ಮನಸ್ಸಿಗೆ ಹತ್ತಬೇಕಾದದ್ದು ಬೇರೆ ಇದೆ. ನಿನ್ನ ವಕೀಲರು ಸರ್ಕಾರದವರು. ಖಾಸಗಿ ಲಾ ಫರ್ಮಿನಲ್ಲಿ ನಿಯಮ ಮೀರದೆ ಕಕ್ಷಿದಾರನನ್ನು ಗೆಲ್ಲಿಸಿದರೆ ಕೆಲಸ ಮುಗಿಯಿತು. ಕ್ರಿಮಿನಲ್ ಕೇಸು ನಡೆಸುವ ಸರ್ಕಾರಿ ವಕೀಲರಿಗೆ ಅಷ್ಟು ಸಾಲದು. ಆರೋಪಿಗೆ ಅನುಕೂಲವಾಗುವ ಮುಖ್ಯ ಸಾಕ್ಷ್ಯ ತಮ್ಮ ಕೈಯಲ್ಲಿದ್ದರೆ ಅದನ್ನು ಅವನ ವಕೀಲರಿಗೆ ಕೊಡಲೇಬೇಕು ಎಂದು 1963ರ ಬ್ರೇಡಿ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರದ ಪರ ಸಾಕ್ಷಿ ಹೇಳುವವರ ಮಾತನ್ನು ಅನುಮಾನಿಸಲು ಕಾರಣವಾಗುವ ದಾಖಲೆಯನ್ನೂ 1972ರ ಗಿಗ್ಲಿಯೊ ತೀರ್ಪು ಅದಕ್ಕೆ ಸೇರಿಸಿತು. 1995ರ ಕೈಲ್ಸ್ ತೀರ್ಪು ಇನ್ನೂ ಮುಂದೆ ಹೋಗಿ, ಪೊಲೀಸರ ಬಳಿ ಇದ್ದದ್ದು ಪ್ರಾಸಿಕ್ಯೂಟರಿಗೆ ಗೊತ್ತಿರಲಿಲ್ಲ ಎಂಬ ನೆಪ ನಡೆಯದು ಎಂದಿತು. 2020ರ ಅಕ್ಟೋಬರಿನಲ್ಲಿ ಬಂದ ಕಾನೂನಿನ ಪ್ರಕಾರ ಈಗ ಪ್ರತಿಯೊಂದು ಫೆಡರಲ್ ಕ್ರಿಮಿನಲ್ ಕೇಸಿನ ಆರಂಭದಲ್ಲೇ ನ್ಯಾಯಾಧೀಶರು ಈ ಹೊಣೆಯನ್ನು ಬಾಯಿಮಾತಿನಲ್ಲೂ ಬರಹದಲ್ಲೂ ಆದೇಶ ಮಾಡಿ ನೆನಪಿಸುತ್ತಾರೆ.

ಇದೆಲ್ಲ ವಕೀಲರ ತಲೆನೋವು, ನನಗೇನು ಅನ್ನಬೇಡ. ಕೊಡಬೇಕಾದ ಸಾಕ್ಷ್ಯ ಕಳೆದುಹೋಗುವುದು ಬಹಳ ಸಲ ವಕೀಲರು ಬಚ್ಚಿಟ್ಟದ್ದರಿಂದಲ್ಲ, ನಮ್ಮಂಥವರ ಮೇಜಿನ ಮೇಲೆ ಅದು ಯಾರ ಕಣ್ಣಿಗೂ ಬೀಳದೆ ಉಳಿದದ್ದರಿಂದ. ಒಂದು ಲ್ಯಾಪ್‌ಟಾಪಿನ ಮಾಹಿತಿಯನ್ನು ಪ್ರೊಸೆಸಿಂಗಿಗೆ ಹಾಕುತ್ತೀಯ ಅಂತಿಟ್ಟುಕೊ. ಲಕ್ಷಗಟ್ಟಲೆ ಫೈಲು ಒಳಗೆ ಹೋಗುತ್ತವೆ. ಕೊನೆಗೆ ಒಂದು ಎಕ್ಸೆಪ್ಷನ್ ರಿಪೋರ್ಟ್ ಬರುತ್ತದೆ: ಪಾಸ್‌ವರ್ಡ್ ಇದ್ದು ತೆರೆಯದವು, ಕೆಟ್ಟುಹೋದವು, ಯಾವ ಪ್ರೋಗ್ರಾಮಿನವು ಎಂದು ತಿಳಿಯದವು. ಗಡುವು ಹತ್ತಿರ ಬಂದಿರುತ್ತದೆ, ವಕೀಲರು ಎರಡು ಸಲ ಫೋನ್ ಮಾಡಿರುತ್ತಾರೆ, ಆ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ. ತೆರೆ. ಪಾಸ್‌ವರ್ಡ್ ಹಾಕಿದ ಆ ಎಕ್ಸೆಲ್ ಹಾಳೆಯಲ್ಲೇ ಆರೋಪಿಯ ನಿಜವಾದ ಲೆಕ್ಕ ಇರಬಹುದು. ಹೆಸರೇ ಇಲ್ಲದ ಆಡಿಯೊ ಫೈಲಿನಲ್ಲೇ ಸರ್ಕಾರದ ಮುಖ್ಯ ಸಾಕ್ಷಿ ಬೇರೊಂದು ಕಥೆ ಹೇಳಿರಬಹುದು. ಹುಡುಕಾಟದ ಪದ ಹಾಕಿದಾಗ ಇಂಥ ಫೈಲು ಸಿಗುವುದೇ ಇಲ್ಲ, ಏಕೆಂದರೆ ಅದರೊಳಗಿನ ಅಕ್ಷರ ಡೇಟಾಬೇಸಿಗೆ ಬಂದೇ ಇಲ್ಲ. ತೆರೆಯದ ಫೈಲುಗಳ ಪಟ್ಟಿಯನ್ನು, ಯಾವುದಕ್ಕೆ ಏನು ಪ್ರಯತ್ನ ಮಾಡಿದೆ ಎಂಬ ಟಿಪ್ಪಣಿಯ ಜೊತೆ, ವಕೀಲರಿಗೆ ಇಮೇಲ್ ಮಾಡು. ಬಾಯಲ್ಲಿ ಹೇಳಿ ಸುಮ್ಮನಾಗಬೇಡ.

ಏಜೆಂಟರು ತಂದುಕೊಡುವ ಡ್ರೈವ್‌ಗಳ ವಿಷಯವೂ ಹೀಗೇ. ಎಫ್‌ಬಿಐ ಒಂದು ಕೊಡುತ್ತದೆ, ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಇನ್ನೊಂದು ಕೊಡುತ್ತದೆ, ಮೂರನೆಯದು ಇನ್ನೂ ಲ್ಯಾಬಿನಲ್ಲಿರುತ್ತದೆ. ನಿನ್ನ ಡೇಟಾಬೇಸಿನಲ್ಲಿ ಇಲ್ಲದ್ದು ಕೇಸಿನಲ್ಲೇ ಇಲ್ಲ ಎಂದು ಎಲ್ಲರೂ ತಿಳಿದುಬಿಡುತ್ತಾರೆ. ಕೈಲ್ಸ್ ತೀರ್ಪಿನ ಅರ್ಥ ಅದಲ್ಲ. ಏನೇನು ಜಪ್ತಿಯಾಯಿತು, ಅದರಲ್ಲಿ ನಿನಗೆ ಬಂದದ್ದು ಯಾವುದು, ಬರಬೇಕಾದದ್ದು ಯಾವುದು, ಈ ಲೆಕ್ಕ ನಿನ್ನ ಹತ್ತಿರ ಇರಲಿ. ಕೇಸು ನಡೆಸುವ ಏಜೆಂಟರಿಗೂ ವಕೀಲರಿಗೂ ಅದನ್ನು ಆಗಾಗ ತೋರಿಸುತ್ತಿರು.

ದಾಖಲೆ ಕೈಗೆ ಬಂದ ಗಳಿಗೆಯಿಂದ ಬರೆದಿಡು. ಯಾರು ಕೊಟ್ಟರು, ಯಾವ ದಿನ, ಡ್ರೈವ್‌ನ ಸೀರಿಯಲ್ ನಂಬರ್ ಏನು, ಹ್ಯಾಶ್ (ಫೈಲಿನ ಡಿಜಿಟಲ್ ಬೆರಳಚ್ಚು) ಏನು. ಮೂಲವನ್ನು ನೇರವಾಗಿ ತೆರೆದು ನೋಡುವ ಆಸೆ ಬೇಡ. ಮೂಲದಲ್ಲಿ ಏನೂ ಬದಲಾಗದಂತೆ ರೈಟ್ ಬ್ಲಾಕರ್ ಹಾಕಿ ಪ್ರತಿ ಮಾಡಿಕೊಂಡು ಪ್ರತಿಯ ಮೇಲೆ ಕೆಲಸ ಮಾಡು. ಬರೀ ಕುತೂಹಲಕ್ಕೆ ಒಂದು ಫೈಲು ತೆರೆದು ಮುಚ್ಚಿದರೂ ಅದರ ತಾರೀಖು ಬದಲಾಗಬಹುದು, ಆಮೇಲೆ ಎದುರು ವಕೀಲರು ಅದನ್ನೇ ಹಿಡಿದು ಕೇಳುತ್ತಾರೆ. 2017ರ ಡಿಸೆಂಬರಿನಿಂದ ಫೆಡರಲ್ ಸಾಕ್ಷ್ಯ ನಿಯಮ 902ಕ್ಕೆ ಹೊಸ ಕಲಮು ಸೇರಿ, ಅರ್ಹ ವ್ಯಕ್ತಿ ಹ್ಯಾಶ್ ನೋಡಿ ಇದು ಮೂಲದ ತದ್ರೂಪು ಎಂದು ಬರೆದುಕೊಟ್ಟರೆ, ಅದನ್ನು ಸಾಬೀತು ಮಾಡಲು ಸಾಕ್ಷಿಯನ್ನು ಕಟಕಟೆಗೆ ಕರೆಯಬೇಕಾಗಿಲ್ಲ. ಬೆಂಗಳೂರಿನಲ್ಲಿ ವಕೀಲಿಕೆ ಮಾಡುವ ನಿನ್ನ ಮಾವನನ್ನು ಕೇಳಿ ನೋಡು, ಅಲ್ಲೂ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಬೇಕು. ಆ ಕಾಗದಕ್ಕೆ ಬೆಲೆ ಬರುವುದು ಅದರ ಹಿಂದೆ ದಿನದಿನದ ಟಿಪ್ಪಣಿ ಇದ್ದಾಗ ಮಾತ್ರ.

ಎರಡು ಊರಿನ ಮಧ್ಯೆ ಓಡಾಡುವವಳಿಗೆ ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಶಿಕಾಗೊ ಸೆಂಟ್ರಲ್ ಟೈಮಿನಲ್ಲಿದೆ, ಡೆಟ್ರಾಯ್ಟ್ ಈಸ್ಟರ್ನ್ ಟೈಮಿನಲ್ಲಿ. ಡೆಟ್ರಾಯ್ಟಿನ ಕಂಪನಿಯವನು ಅಕ್ಟೋಬರ್ 1ರಂದು ರಾತ್ರಿ 12:20ಕ್ಕೆ ಒಂದು ಮೇಲ್ ಕಳಿಸಿದ ಅನ್ನು. ಶಿಕಾಗೊದಲ್ಲಿ ಆಗ ಸೆಪ್ಟೆಂಬರ್ 30, ರಾತ್ರಿ 11:20. ಪ್ರೊಸೆಸಿಂಗ್ ಮಾಡುವವರು ಯುಟಿಸಿ (ವಿಶ್ವ ಪ್ರಮಾಣ ಸಮಯ) ಇಟ್ಟಿದ್ದರೆ ಅದೇ ಮೇಲ್ ಅಕ್ಟೋಬರ್ 1ರ ಬೆಳಗಿನ ಜಾವ 4:20 ಎಂದು ಕಾಣುತ್ತದೆ. ಅದನ್ನು ಮೈಸೂರಿನ ಕಚೇರಿಯಲ್ಲಿ ತೆಗೆದವನ ಫೋನಿನಲ್ಲಿ ಬೆಳಿಗ್ಗೆ 9:50. ಒಂದೇ ಮೇಲ್, ನಾಲ್ಕು ಸಮಯ, ಎರಡು ತಾರೀಖು. ಫೆಡರಲ್ ಸರ್ಕಾರದ ಹಣಕಾಸು ವರ್ಷ ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಸರ್ಕಾರಿ ಗುತ್ತಿಗೆಯ ಮೋಸದ ಕೇಸಿನಲ್ಲಿ ಬಿಲ್ಲು ಯಾವ ವರ್ಷಕ್ಕೆ ಸೇರಿತು ಎಂಬುದರ ಮೇಲೇ ಆರೋಪ ನಿಂತಿರಬಹುದು. ಕೇಸಿನ ಶುರುವಿನಲ್ಲೇ ಯಾವ ಟೈಮ್ ಜೋನ್ ಎಂದು ವಕೀಲರ ಹತ್ತಿರ ಕೇಳಿ ತೀರ್ಮಾನ ಮಾಡಿಸು. ಕಡತ ಕಳಿಸುವಾಗ ಜೊತೆಗಿಡುವ ಪತ್ರದಲ್ಲಿ ಎದುರು ಪಕ್ಷಕ್ಕೂ ಅದನ್ನು ತಿಳಿಸು. ಮಧ್ಯದಲ್ಲಿ ಬದಲಾಯಿಸಬೇಡ.

ಈ ಎರಡು ಊರುಗಳ ಹಳೆಯ ಕೇಸುಗಳನ್ನು ಓದು, ತರಬೇತಿಯ ಸ್ಲೈಡುಗಳಿಗಿಂತ ಹೆಚ್ಚು ಕಲಿಸುತ್ತವೆ. ಡೆಟ್ರಾಯ್ಟಿನ ಮೇಯರ್ ಆಗಿದ್ದ ಕ್ವಾಮಿ ಕಿಲ್‌ಪ್ಯಾಟ್ರಿಕ್ ಪ್ರಮಾಣ ಮಾಡಿ ಹೇಳಿದ ಮಾತು ಸುಳ್ಳು ಎಂದು ತೋರಿಸಿದ್ದು ನಗರಸಭೆಯೇ ಕೊಟ್ಟಿದ್ದ ಪೇಜರ್‌ಗಳ ಸಂದೇಶಗಳು. 2008ರ ಜನವರಿಯಲ್ಲಿ ಡೆಟ್ರಾಯ್ಟ್ ಫ್ರೀ ಪ್ರೆಸ್ ಪತ್ರಿಕೆ ಅವನ್ನು ಹೊರಗೆ ತಂದಿತು, ಸೆಪ್ಟೆಂಬರಿನಲ್ಲಿ ಆತ ತಪ್ಪೊಪ್ಪಿಕೊಂಡು ಹುದ್ದೆ ಬಿಟ್ಟ. ಆಮೇಲೆ ನಡೆದ ಭ್ರಷ್ಟಾಚಾರದ ಫೆಡರಲ್ ಕೇಸಿನಲ್ಲೂ ಸಂದೇಶಗಳು ಜ್ಯೂರಿಯ ಮುಂದೆ ಬಂದವು. 2013ರಲ್ಲಿ 28 ವರ್ಷದ ಶಿಕ್ಷೆಯಾಯಿತು, 2021ರಲ್ಲಿ ಅಧ್ಯಕ್ಷರು ಅದನ್ನು ಮೊಟಕು ಮಾಡಿದರು. ಇನ್ನು ಅಳಿಸಿದವರ ಕಥೆ. ಡೀಸೆಲ್ ಹೊಗೆಯ ಮೋಸದಲ್ಲಿ 2017ರ ಮಾರ್ಚಿನಲ್ಲಿ ಫೋಕ್ಸ್‌ವ್ಯಾಗನ್ ತಪ್ಪೊಪ್ಪಿಕೊಂಡದ್ದು ಡೆಟ್ರಾಯ್ಟಿನ ಫೆಡರಲ್ ಕೋರ್ಟಿನಲ್ಲೇ. ಕ್ರಿಮಿನಲ್ ದಂಡವೇ 280 ಕೋಟಿ ಡಾಲರ್. ತನಿಖೆ ಬರುತ್ತದೆಂದು ತಿಳಿದು ಸುಮಾರು 40 ನೌಕರರು ಸಾವಿರಾರು ದಾಖಲೆ ಅಳಿಸಿದ್ದರು ಎಂದು ಸರ್ಕಾರ ಹೇಳಿತು; ಒಪ್ಪಿಕೊಂಡ ಅಪರಾಧಗಳಲ್ಲಿ ನ್ಯಾಯಕ್ಕೆ ಅಡ್ಡಿಪಡಿಸಿದ್ದೂ ಒಂದು.

ಶಿಕಾಗೊ ಕಡೆಯ ಒಂದು ತೀರ್ಪನ್ನು ಪೂರ್ತಿ ಓದು ಎಂದೇ ಹೇಳುತ್ತೇನೆ. ರಾಕ್‌ಫರ್ಡಿನಲ್ಲಿ ಕೂರುವ ನ್ಯಾಯಾಧೀಶ ಇಯಾನ್ ಜಾನ್‌ಸ್ಟನ್ 2021ರ ಜನವರಿಯಲ್ಲಿ ಬರೆದದ್ದು, 256 ಪುಟ. ಎರಡು ಖಾಸಗಿ ಕಂಪನಿಗಳ ಜಗಳ ಅದು. ವಕೀಲರು ತಾವೇ ಪರಿಶೀಲಿಸದೆ ಕಕ್ಷಿದಾರನ ಮೇಲೇ ಬಿಟ್ಟರು, ತಾನಾಗಿ ಅಳಿಸಿಹೋಗುವ ಸೆಟ್ಟಿಂಗನ್ನು ಯಾರೂ ನಿಲ್ಲಿಸಲಿಲ್ಲ, ಇಮೇಲೂ ಚಾಟೂ ಹೋದವು. ಸಿವಿಲ್ ಕೇಸಿನಲ್ಲಿ ಸರ್ಕಾರದ ಇಲಾಖೆಯೇ ನಿನ್ನ ಕಕ್ಷಿದಾರನಾದಾಗ ಇದು ನೆನಪಿಗೆ ಬರಬೇಕು. ಅಧಿಕಾರಿ ‘ಬೇಕಾದ ಮೇಲ್‌ಗಳನ್ನೆಲ್ಲ ನಾನೇ ಆರಿಸಿ ಕಳಿಸುತ್ತೇನೆ’ ಅಂದರೆ ಒಪ್ಪಬೇಡ.

ಫ್ಲಿಂಟ್ ಊರಿನ ಕುಡಿಯುವ ನೀರು ವಿಷವಾದ ಕೇಸು ನಿನ್ನ ಕೆಲಸಕ್ಕೆ ಇನ್ನೂ ಹತ್ತಿರದ್ದು. ಮಿಷಿಗನ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ತನಿಖೆಗೆ ವಶಪಡಿಸಿಕೊಂಡ ಅಪಾರ ದಾಖಲೆಗಳಲ್ಲಿ ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಗೋಪ್ಯ ಪತ್ರಗಳೂ ಇರಬಹುದಿತ್ತು. ಕೇಸಿಗೆ ಸಂಬಂಧವಿಲ್ಲದ ಬೇರೆ ತಂಡ, ಅಂದರೆ ಫಿಲ್ಟರ್ ತಂಡ, ಮೊದಲು ಅವನ್ನು ಸೋಸಿ ತೆಗೆಯಬೇಕಿತ್ತು ಎಂದು ಆರೋಪಿಗಳ ವಕೀಲರು ವಾದಿಸಿದರು. 2022ರಲ್ಲಿ ಜೆನೆಸೀ ಕೌಂಟಿಯ ನ್ಯಾಯಾಧೀಶೆ ಎಲಿಜಬೆತ್ ಕೆಲ್ಲಿ ಅಂಥ ತಂಡ ಮಾಡಿ ಎಂದು ಆದೇಶ ಕೊಟ್ಟರು. ಮೊಕದ್ದಮೆಗಳು ಕೊನೆಗೆ ಬಿದ್ದದ್ದು ಬೇರೆ ಕಾರಣಕ್ಕೆ: ಒಬ್ಬರೇ ನ್ಯಾಯಾಧೀಶರು ಗ್ರ್ಯಾಂಡ್ ಜ್ಯೂರಿಯಾಗಿ ಹೊರಿಸಿದ ಆರೋಪ ಸಲ್ಲದು ಎಂದು ಅದೇ ವರ್ಷ ಜೂನಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೂ ವಿಷಕಾರಿ ನೀರು ಕುಡಿದ ಮಕ್ಕಳ ತಾಯಂದಿರು ಉತ್ತರಕ್ಕಾಗಿ ಕಾಯುತ್ತಿದ್ದಾಗ ಕೋರ್ಟಿನ ಹೊತ್ತು ಯಾವ ಕಡತ ಯಾರು ಓದಬಹುದಿತ್ತು ಎಂಬ ವಾದಕ್ಕೆ ಹೋಯಿತಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಅದಕ್ಕೇ ಹೇಳುವುದು: ಮೇಲ್‌ಬಾಕ್ಸ್ ಕೈಗೆ ಬಂದ ದಿನವೇ ಇದರಲ್ಲಿ ಯಾವ ಯಾವ ವಕೀಲರ ಹೆಸರು ಬರಬಹುದು ಎಂದು ಪಟ್ಟಿ ಕೇಳು. ಆ ಹೆಸರು, ಆ ಲಾ ಫರ್ಮಿನ ಮೇಲ್ ವಿಳಾಸ ಇರುವುದನ್ನೆಲ್ಲ ಕೇಸಿನ ತಂಡಕ್ಕೆ ಕಾಣದಂತೆ ಬೇರೆ ಇಟ್ಟ ಮೇಲೇ ಉಳಿದದ್ದನ್ನು ಬಿಡುಗಡೆ ಮಾಡು. ಓದುತ್ತಾ ಇರುವಾಗ ಅಂಥ ಪತ್ರ ಎದುರಾದರೆ ಅಲ್ಲಿಗೇ ನಿಲ್ಲಿಸು, ಮುಂದಿನ ಸಾಲು ಬೇಡ. ನಂಬರ್ ಬರೆದುಕೊಂಡು ಫಿಲ್ಟರ್ ತಂಡಕ್ಕೆ ತಿಳಿಸು. ನಿಮ್ಮ ಕಡೆಯ ಗೋಪ್ಯ ಪತ್ರ ಎದುರಿನವರಿಗೆ ಹೋಗಿಬಿಟ್ಟರೆ ವಾಪಸು ಪಡೆಯಲು 2008ರಲ್ಲಿ ಬಂದ ಫೆಡರಲ್ ಸಾಕ್ಷ್ಯ ನಿಯಮ 502 ಇದೆ, ನ್ಯಾಯಾಧೀಶರಿಂದ ಮೊದಲೇ ಆದೇಶ ಪಡೆದಿದ್ದರೆ ಇನ್ನೂ ಸಲೀಸು. ನಿನ್ನ ವಕೀಲರು ಅದನ್ನು ಪಡೆದಿದ್ದಾರೆಯೇ ಎಂದು ಮೊದಲ ಕಡತ ಕಳಿಸುವ ಮುಂಚೆ ಕೇಳು. ಹೊಸಬಳು ಇದನ್ನೆಲ್ಲ ಕೇಳುವುದೇ ಎಂದು ಸಂಕೋಚ ಪಡಬೇಡ, ಒಳ್ಳೆಯ ವಕೀಲರಿಗೆ ಇಂಥ ಪ್ರಶ್ನೆ ಕೇಳುವವರೇ ಬೇಕು.

ಎದುರು ಪಕ್ಷದ ಕಡೆ ಸ್ವಲ್ಪ ಯೋಚಿಸು. ಶಿಕಾಗೊದಲ್ಲಾಗಲಿ ಡೆಟ್ರಾಯ್ಟಿನಲ್ಲಾಗಲಿ ಬಡ ಆರೋಪಿಗಳ ಪರ ನಿಲ್ಲುವುದು ಫೆಡರಲ್ ಡಿಫೆಂಡರ್ ಅಥವಾ ಕೋರ್ಟು ನೇಮಿಸಿದ ಒಂಟಿ ವಕೀಲ. ನಿನಗಿರುವ ಸರ್ವರ್ ಅವರಿಗಿಲ್ಲ. ಡೇಟಾಬೇಸಿಗೆ ಸೇರಿಸಲು ಬೇಕಾದ ಲೋಡ್ ಫೈಲು ಸರಿಯಿಲ್ಲದ, ಹುಡುಕಲಾಗದ ಎರಡು ಟೆರಾಬೈಟ್ ಕಳಿಸಿ ‘ಕೊಟ್ಟಾಯಿತು’ ಅನ್ನುವುದು ಕೊಟ್ಟ ಹಾಗಲ್ಲ. ಸರ್ಕಾರಿ ವಕೀಲರೂ ಡಿಫೆಂಡರ್‌ಗಳೂ ಕೂಡಿ 2012ರ ಫೆಬ್ರವರಿಯಲ್ಲಿ ಇದಕ್ಕೆಂದೇ ಶಿಫಾರಸುಗಳನ್ನು ಬರೆದರು: ಮೊದಲೇ ಕೂತು ಮಾತಾಡಿ, ಯಾವ ರೂಪದಲ್ಲಿ ಬೇಕೆಂದು ಕೇಳಿ, ಏನೇನಿದೆ ಎಂಬ ಪಟ್ಟಿ ಕೊಡಿ. ಅದನ್ನು ಓದಿ ಪಾಲಿಸು. ಕಳಿಸುವ ಮುಂಚೆ ಕಡತವನ್ನು ಖಾಲಿ ಕಂಪ್ಯೂಟರಿನಲ್ಲಿ ನೀನೇ ತೆರೆದು ನೋಡು, ಅವರ ಕೈಗೆ ಹೋದಾಗ ಹೇಗಿರುತ್ತದೆ ಎಂದು.

ನಮ್ಮ ಭಾಷೆ ಬರುವುದೂ ಒಮ್ಮೊಮ್ಮೆ ಉಪಯೋಗಕ್ಕೆ ಬಂದೀತು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡ ಪತ್ರ ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಪಕ್ಕದ ಮೇಜಿನವರು ಕೆಟ್ಟ ಫೈಲು ಎಂದು ತೆಗೆದಿಡುತ್ತಾರೆ. ನೀನು ಗುರುತಿಸಬಲ್ಲೆ. ಆದರೆ ನೀನೇ ಅನುವಾದ ಮಾಡಿ ಕೊಡಬೇಡ. ಕನ್ನಡವಿದೆ ಎಂದು ವಕೀಲರಿಗೆ ತಿಳಿಸು, ಅನುವಾದಕರನ್ನು ಅವರೇ ಗೊತ್ತು ಮಾಡಲಿ. ಇಲ್ಲವಾದರೆ ನೀನೇ ಸಾಕ್ಷಿಯಾಗಿ ನಿಲ್ಲಬೇಕಾದೀತು.

ಕಲಿಯುವ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ದಾಖಲೆ ಪರಿಶೀಲನೆಯ ಸಾಫ್ಟ್‌ವೇರ್ ಮಾಡುವ ರೆಲೆಟಿವಿಟಿ ಕಂಪನಿ ಹುಟ್ಟಿದ್ದೇ ಶಿಕಾಗೊದಲ್ಲಿ, ಅದರ ಅಡ್ಮಿನಿಸ್ಟ್ರೇಟರ್ ಪರೀಕ್ಷೆ ಕಟ್ಟು. ಸ್ವಲ್ಪ ಎಸ್‌ಕ್ಯುಎಲ್ ಕಲಿ.

ಹಿನ್ನೆಲೆ ಪರಿಶೀಲನೆಯ ಫಾರಂ ಬಂದಾಗ ಎಲ್ಲವನ್ನೂ ಬರೆ. ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಾದರೆ ಊರಿನಲ್ಲಿರುವ ನೆಂಟರು, ಅಪ್ಪ ನಿನ್ನ ಹೆಸರಿಗೆ ಮಾಡಿದ ಸೈಟು, ಅಲ್ಲಿನ ಬ್ಯಾಂಕ್ ಖಾತೆ, ಹೋಗಿಬಂದ ಪ್ರಯಾಣ ಎಲ್ಲ ಕೇಳುತ್ತಾರೆ. ಇರುವುದು ತಪ್ಪಲ್ಲ, ಮುಚ್ಚಿಟ್ಟರೆ ತೊಂದರೆ.

ಕೊನೆಯದು ಮನೆಯ ಮಾತು. ಮೆಡಿಕೇರ್ ಮೋಸ ಹಿಡಿಯುವ ಫೆಡರಲ್ ತಂಡ ಡೆಟ್ರಾಯ್ಟಿನಲ್ಲಿ 2009ರಿಂದ, ಶಿಕಾಗೊದಲ್ಲಿ 2011ರಿಂದ ಇದೆ. ನಮ್ಮವರಲ್ಲಿ ಡಾಕ್ಟರುಗಳು, ಫಾರ್ಮಸಿ ನಡೆಸುವವರು, ಬಿಲ್ಲಿಂಗ್ ಮಾಡುವವರು ಎಷ್ಟು ಜನ! ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟದ ಯುಗಾದಿಯಲ್ಲೋ ಡೆಟ್ರಾಯ್ಟಿನ ಪಂಪ ಕನ್ನಡ ಕೂಟದ ರಾಜ್ಯೋತ್ಸವದಲ್ಲೋ ನಿನ್ನ ಪಕ್ಕ ಕೂತು ಊಟ ಮಾಡಿದವರ ಹೆಸರು ಒಂದು ದಿನ ಕಡತದಲ್ಲಿ ಬರಬಹುದು. ಆರೋಪಿಯಾಗಿಯೇ ಬರಬೇಕೆಂದಿಲ್ಲ, ರೋಗಿಯಾಗಿಯೋ ಸಾಕ್ಷಿಯಾಗಿಯೋ ಬಂದಾರು. ಗುರುತಿನ ಹೆಸರು ಕಂಡ ಕೂಡಲೇ ಆ ಕಡತ ಮುಚ್ಚಿ, ಅದೇ ದಿನ ಮೇಲ್ವಿಚಾರಕ ವಕೀಲರಿಗೆ ಹೇಳಿ ಆ ಕೇಸಿನಿಂದ ಹೊರಗೆ ಬರಲು ಕೇಳು. ಆ ಗುರುತಿನವರಿಗೆ ಸುಳಿವು ಕೊಡಬೇಡ, ಅವರ ಜೊತೆ ಮಾತು ಬಿಡಲೂ ಬೇಡ, ಎಂದಿನ ಹಾಗೆ ಇರು. ನಿನ್ನಮ್ಮ ಕೆಲಸ ಹೇಗಿದೆ ಎಂದು ವಾರವಾರ ಕೇಳುತ್ತಾಳೆ, ನಾನೂ ಕೇಳುತ್ತೇನೆ. ಕಚೇರಿಯ ಊಟ, ರೈಲು, ಚಳಿ ಎಲ್ಲ ಹೇಳು. ಕೇಸಿನ ವಿಷಯ ಮಾತ್ರ ಅವಳಿಗೂ ಹೇಳಬೇಡ, ನನಗೂ ಹೇಳಬೇಡ.

ನಿನ್ನ
ದೊಡ್ಡಮ್ಮ