ಗೆಜ್ಜೆ ಸದ್ದು ನಿಂತದ್ದು ತಿಳಿಯಿತೇ?

1343 ಮೀಟರ್ ಎತ್ತರದ ಕೊಡಚಾದ್ರಿಯಲ್ಲಿ ಶಂಕರಾಚಾರ್ಯರು ತಪಸ್ಸು ಮಾಡಿ ದೇವಿಯನ್ನು ಒಲಿಸಿಕೊಂಡರೆಂದು ಪ್ರತೀತಿ. ತಮ್ಮ ನಾಡಾದ ಕೇರಳಕ್ಕೆ ಬರಬೇಕೆಂದು ಬೇಡಿದಾಗ ತಾಯಿ ಒಪ್ಪಿದಳು. ಷರತ್ತು ಒಂದೇ, ಹಿಂತಿರುಗಿ ನೋಡಬಾರದು. ಆಚಾರ್ಯರು ಮುಂದೆ, ಕಾಲ್ಗೆಜ್ಜೆಯ ಸದ್ದು ಹಿಂದೆ. ಕೊಲ್ಲೂರಿಗೆ ಬಂದಾಗ ಸದ್ದು ನಿಂತಿತು. ಅವರು ತಿರುಗಿ ನೋಡಿದರು, ತಾಯಿ ಅಲ್ಲೇ ನೆಲೆಸಿದಳು.

ಷರತ್ತು ತಪ್ಪಿದ ಕಥೆ ಎಂದೇ ಇದನ್ನು ಹೇಳುವುದು ರೂಢಿ. ಆದರೆ ಸದ್ದು ನಿಂತ ಕ್ಷಣವೇ ಅವರಿಗೆ ತಿಳಿಯಿತಲ್ಲ! ಗುಟ್ಟಾಗಿ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುವವರಿಗೆ ಅದು ತಿಳಿಯುವುದೇ ಇಲ್ಲ.

ಕುಂದಾಪುರದ ಸಂತೆಯಲ್ಲಿ ಒಬ್ಬ ವ್ಯಾಪಾರಿ ಅಂತ ಇಟ್ಟುಕೊಳ್ಳಿ. ಮೊದಲ ಸಲ ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒತ್ತಿದ ದಿನ ಕೈ ನಡುಗಿತು. ಸಂಜೆ ದೇವರಿಗೆ ದೀಪ ಹಚ್ಚುವಾಗ ಮುಖ ಎತ್ತಲಾಗಲಿಲ್ಲ. ಮರುವಾರ ನಡುಕ ಕಡಿಮೆ. "ಎಲ್ಲರೂ ಮಾಡ್ತಾರೆ, ನಾನೊಬ್ಬನೇ ಅಲ್ವಲ್ಲ" ಎಂಬ ಸಮಾಧಾನ. ವರ್ಷ ಕಳೆಯುವಷ್ಟರಲ್ಲಿ ಬೆರಳು ತಾನಾಗಿಯೇ ಒತ್ತುತ್ತದೆ, ದೀಪವೂ ತಪ್ಪದೆ ಉರಿಯುತ್ತದೆ. ದೇವರು ಕ್ಷಮಿಸಿದ್ದಾನೆ ಅಂತ ಅವನ ಲೆಕ್ಕ. ಕ್ಷಮೆ ಕೇಳಿದ್ದು ಯಾವಾಗ? ಬರಿಗಾಲಲ್ಲಿ ನಡೆದು ನಡೆದು ಅಂಗಾಲು ಜಡ್ಡುಗಟ್ಟಿದರೆ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಮುಳ್ಳು ಒಳಗೇ ಇರುತ್ತದೆ.

ಸೌಪರ್ಣಿಕೆಯಲ್ಲಿ ಒಂದು ಮುಳುಗು ಹಾಕಿದರೆ ಆಯ್ತಲ್ಲ ಎನ್ನುವವರುಂಟು. ಸ್ನಾನ ಬೇಡ ಎನ್ನುತ್ತಿಲ್ಲ. ನೀರಿಗಿಳಿಯುವಾಗ ಆ ತಪ್ಪನ್ನು ಹೆಸರು ಹಿಡಿದೇ ತಾಯಿಗೆ ಹೇಳಿ. "ತಿಳಿದೋ ತಿಳಿಯದೆಯೋ" ಎಂದು ಜಾರಿಕೊಳ್ಳಬೇಡಿ, ತಿಳಿದೇ ಮಾಡಿದ್ದಲ್ಲವೇ? ತೂಕದಲ್ಲಿ ಕದ್ದ ಹಣ ಹುಂಡಿಗೆ ಬೇಡ, ಗಿರಾಕಿಯ ಕೈಗೇ ತಲುಪಲಿ. ಕೊಡುವಾಗ ಮೊದಲ ದಿನದ ಹಾಗೆ ಕೈ ನಡುಗೀತು. ನಡುಗಲಿ.