ಡಾಕ್ಟರ್ ಸೀಟಿನ ಲೆಕ್ಕ

ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟಲು ಹೊರಟವನ ಮಾತು ಎತ್ತುತ್ತಾರೆ. ಮೊದಲು ಕುಳಿತು ಲೆಕ್ಕ ಹಾಕದವನ ಕೆಲಸ ಬುನಾದಿಗೇ ನಿಲ್ಲುತ್ತದೆ. ಮಕ್ಕಳು ಡಾಕ್ಟರಾಗಲೆಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಯಲ್ಲಿ ಮೇಣದಬತ್ತಿ ಹಚ್ಚುವ ತಂದೆತಾಯಂದಿರೇ, ಆ ಹರಕೆಯ ಜೊತೆಗೆ ಈ ಲೆಕ್ಕವನ್ನೂ ಒಮ್ಮೆ ನೋಡಿ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರುತ್ತದೆ. ಇದರಿಂದ ಅನೇಕ ಪಾಲಕರು ಎಂಜಿನಿಯರಿಂಗ್, ವೈದ್ಯಕೀಯ ಎರಡನ್ನೂ ಬೆರೆಸಿಕೊಳ್ಳುತ್ತಾರೆ. ಎಂಬಿಬಿಎಸ್‌ಗೆ ಈಗ ನೀಟ್ ಅಂಕವೊಂದೇ ರ‍್ಯಾಂಕನ್ನು ತೀರ್ಮಾನಿಸುತ್ತದೆ. ಹಾಗೆಂದು ಪಿಯುಸಿಯನ್ನು ಕಡೆಗಣಿಸುವಂತಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ 300ಕ್ಕೆ ಸಾಮಾನ್ಯ ವರ್ಗದವರು 150, ಮೀಸಲು ವರ್ಗದವರು 120 ಪಡೆದಿರಬೇಕು.

ಒಂದು ಉದಾಹರಣೆ ನೋಡಿ. ಕನ್ನಡ 95, ಇಂಗ್ಲಿಷ್ 90, ಗಣಿತ 92, ಭೌತಶಾಸ್ತ್ರ 48, ರಸಾಯನಶಾಸ್ತ್ರ 46, ಜೀವಶಾಸ್ತ್ರ 52. ಒಟ್ಟು 600ಕ್ಕೆ 423, ಅಂದರೆ ಶೇ. 70.5. ಮನೆಯವರು ಸಿಹಿ ಹಂಚುತ್ತಾರೆ. ಆದರೆ ಲೆಕ್ಕಕ್ಕೆ ಬರುವ ಮೂರು ವಿಷಯಗಳಲ್ಲಿ ಸಿಕ್ಕಿದ್ದು 146 ಮಾತ್ರ. ಸಾಮಾನ್ಯ ವರ್ಗದಲ್ಲಿ ನಾಲ್ಕು ಅಂಕ ಕಡಿಮೆ. ನಮ್ಮ ರಾಜ್ಯದಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿದ್ದಾರೆ. ಅರ್ಹರಾದವರು ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರವನ್ನು ಕೊನೆಯ ವಾರಕ್ಕೆ ಬಿಡಬಾರದು. ಅಂಕ ಕಡಿಮೆಯಾದ ಮಕ್ಕಳಿಗೆ 2024ರಿಂದ ಪರೀಕ್ಷೆ-2 ಎಂಬ ಅವಕಾಶವೂ ಇದೆ.

ಇನ್ನು ನೀಟ್. 2025ರಲ್ಲಿ 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ ನಾಲ್ಕು ಸೇರುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ. 120 ಸರಿ, 40 ತಪ್ಪು, 20 ಖಾಲಿ ಬಿಟ್ಟವರಿಗೆ 440. ಆ ಇಪ್ಪತ್ತಕ್ಕೂ ಕಣ್ಣುಮುಚ್ಚಿ ಗುರುತು ಹಾಕಿ ಎಲ್ಲವೂ ತಪ್ಪಾದರೆ 420.

ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವ ಪದ ಪರ್ಸೆಂಟೈಲ್. ಇದು ಶೇಕಡಾ ಅಲ್ಲ. ಬರೆದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, 50ನೇ ಪರ್ಸೆಂಟೈಲ್ ಎಂದರೆ ಸಾಲಿನ ನಡುಮಧ್ಯ. 2025ರಲ್ಲಿ ಸಾಮಾನ್ಯ ವರ್ಗಕ್ಕೆ ಆ ಗಡಿ 144 ಅಂಕ, ಅಂದರೆ 720ಕ್ಕೆ ಕೇವಲ ಶೇ. 20! ಆ ವರ್ಷ 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದು, 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. 'ನೀಟ್ ಪಾಸಾಯಿತು' ಎಂಬ ಮಾತಿಗೂ ಸೀಟಿಗೂ ಎಷ್ಟು ದೂರವೆಂದು ಇದರಿಂದ ತಿಳಿಯುತ್ತದೆ. ಬೆಂಗಳೂರಿನ ಸಂತ ಜಾನರ ಕಾಲೇಜಾಗಲಿ, ಮಂಗಳೂರಿನ ಫಾದರ್ ಮುಲ್ಲರ್ ಕಾಲೇಜಾಗಲಿ, ನೀಟ್ ಇಲ್ಲದೆ ಗುರುಗಳ ಪತ್ರವೊಂದರಿಂದ ಸೀಟು ಸಿಗುವುದಿಲ್ಲ.

ಇಲ್ಲೇ ಗೋಪುರದ ಮಾತು ನೆನಪಿಗೆ ಬರಬೇಕು. ದಾವಣಗೆರೆಯಲ್ಲೇ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ; ಮನೆಯಿಂದಲೇ ಓದಿಸಬಹುದೆಂಬ ಆಸೆ ಸಹಜ. ಆದರೆ ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಶುಲ್ಕ ಬೇರೆ, ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ ಬೇರೆ. ಮೊದಲ ವರ್ಷದ ಹಣವನ್ನು ಹೇಗೋ ಹೊಂದಿಸಿ ಮನೆಪತ್ರ ಅಡವಿಡುವ ಮುನ್ನ, ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಎಂದು ಕಾಗದದ ಮೇಲೆ ಬರೆಯಿರಿ. ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಾಲದ ಭಾರ ನಾಳೆ ಹೊರುವವರು ಅವರೇ.

ಫಲಿತಾಂಶ ಬಂದ ಮೇಲಿನ ಭಾನುವಾರ, ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ 'ಎಷ್ಟು ಬಂತು?' ಎಂದು ಮಕ್ಕಳನ್ನು ತಡೆದು ಕೇಳುವುದು ಬೇಡ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.